ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಪಡೆಯುವುದು ಹೇಗೆ: ಮೊದಲ ದಿನದಿಂದ ಹಣ ಕೈಗೆ ಬರುವವರೆಗೆ

ಪ್ರೆಸ್ ಮೆಷಿನ್‌ಗೆ ಬೆರಳು ಸಿಕ್ಕಿತು. ಸಾರುವೆಯಿಂದ ಬಿದ್ದು ಸೊಂಟ ಮುರಿಯಿತು. ಮೂಟೆ ಇಳಿಸುವಾಗ ಕಾಲ ಮೇಲೆ ಬಿತ್ತು. ಹೀಗಾದಾಗ ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಹೇಳಿ? ಮಾಲೀಕರು ಆಸ್ಪತ್ರೆಗೆ ಸೇರಿಸುತ್ತಾರೆ, ಮೊದಲ ಬಿಲ್ ಕಟ್ಟುತ್ತಾರೆ, ಕೈಗೆ ಒಂದಷ್ಟು ದುಡ್ಡು ಕೊಟ್ಟು "ಹುಷಾರಾಗಿ ಬಾ, ನೋಡೋಣ" ಅನ್ನುತ್ತಾರೆ. ಮನೆಯವರು ಅದನ್ನೇ ದೊಡ್ಡ ಉಪಕಾರ ಅಂದುಕೊಂಡು ಸುಮ್ಮನಾಗುತ್ತಾರೆ. ಕಾನೂನಿನ ಪ್ರಕಾರ ಬರಬೇಕಾದ ಹಣ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಅದು ಅವರಿಗೆ ಗೊತ್ತೇ ಆಗುವುದಿಲ್ಲ.

ಈ ಬರಹ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಕೆಲಸ ಮಾಡುವವರಿಗೆ. ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಂಡರೂ ಸಾಕು. ಈ ಕೇಸುಗಳು ಗೆಲ್ಲುವುದು ಸೋಲುವುದು ವಕೀಲರ ವಾದದಲ್ಲಿ ಅಲ್ಲ, ಅಪಘಾತವಾದ ಮೊದಲ ಒಂದೆರಡು ದಿನ ಕಾಗದದ ಮೇಲೆ ಏನು ಬರೆಸಿದ್ದೀರಿ ಅನ್ನುವುದರಲ್ಲಿ.

ಮೊದಲು ತಿಳಿದಿರಬೇಕಾದದ್ದು

ತಪ್ಪು ಯಾರದು ಅನ್ನುವುದು ಇಲ್ಲಿ ಮುಖ್ಯ ಪ್ರಶ್ನೆ ಅಲ್ಲ. "ನೀನೇ ಸರಿಯಾಗಿ ನೋಡಿಕೊಂಡು ಕೆಲಸ ಮಾಡಬೇಕಿತ್ತು" ಎಂದು ಬೈಯ್ದು ಬಾಯಿ ಮುಚ್ಚಿಸುತ್ತಾರಲ್ಲ, ಅದಕ್ಕೆ ಈ ಕಾನೂನಿನಲ್ಲಿ ಬೆಲೆ ಇಲ್ಲ. ಮಾಲೀಕರ ತಪ್ಪು ಸಾಬೀತು ಮಾಡಬೇಕಾಗಿಯೂ ಇಲ್ಲ, ನಿಮ್ಮ ಕಡೆ ಒಂದಿಷ್ಟು ಅಜಾಗರೂಕತೆ ಇದ್ದರೂ ಹಕ್ಕು ಹೋಗುವುದಿಲ್ಲ. ನೀವು ತೋರಿಸಬೇಕಾದದ್ದು ಇಷ್ಟೇ: ನೀವು ಅವರ ಹತ್ತಿರ ಕೆಲಸಕ್ಕಿದ್ದಿರಿ, ಮತ್ತು ಪೆಟ್ಟು ಆ ಕೆಲಸದಿಂದ, ಆ ಕೆಲಸದ ಸಮಯದಲ್ಲಿ ಆಯಿತು.

ಇದಕ್ಕೆ ಕೆಲವು ಅಪವಾದಗಳಿವೆ. ಕುಡಿದು ಅಥವಾ ಅಮಲು ಪದಾರ್ಥ ತೆಗೆದುಕೊಂಡು ಅದರಿಂದಲೇ ಅಪಘಾತವಾಗಿದ್ದರೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ಹೇಳಿದ ನಿಯಮವನ್ನು ಬೇಕಂತಲೇ ಮೀರಿದ್ದರೆ, ಮೆಷಿನ್‌ನ ಸುರಕ್ಷಾ ಕವಚವನ್ನು ಬೇಕಂತಲೇ ತೆಗೆದಿದ್ದರೆ ಮಾಲೀಕರು ಇಲ್ಲ ಅನ್ನಬಹುದು. ಇಲ್ಲಿ "ಬೇಕಂತಲೇ" ಅನ್ನುವ ಮಾತು ಮುಖ್ಯ. ಉತ್ಪಾದನೆ ಹೆಚ್ಚಲಿ ಎಂದು ಸೂಪರ್‌ವೈಸರ್ ಕವಚ ತೆಗೆಸಿದ್ದರೆ ಅದು ನಿಮ್ಮ ತಲೆಗೆ ಬರುವುದಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರಂತೂ ಈ ಅಪವಾದಗಳೇ ನಡೆಯುವುದಿಲ್ಲ.

ಇನ್ನು ಕಾನೂನಿನ ಹೆಸರು. ಇಷ್ಟು ಕಾಲ ಇದ್ದದ್ದು 1923ರ ಕಾಯ್ದೆ. 1924ರ ಜುಲೈ 1ರಿಂದ ಜಾರಿಯಲ್ಲಿದ್ದ, ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ ಎಂದೂ 2010ರಿಂದ ನೌಕರರ ಪರಿಹಾರ ಕಾಯ್ದೆ ಎಂದೂ ಕರೆಸಿಕೊಂಡ ಕಾನೂನು ಅದು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂತು. ಹಳೆಯ ಕಾಯ್ದೆಯ ತಿರುಳು ಈಗ ಆ ಸಂಹಿತೆಯ ಏಳನೇ ಅಧ್ಯಾಯದಲ್ಲಿದೆ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆ, ಕೂಡ ಅದೇ ಸಂಹಿತೆಯೊಳಗೆ ಬಂದಿದೆ. ನಿಮ್ಮ ಅಪಘಾತ ಆ ದಿನಾಂಕಕ್ಕಿಂತ ಮುಂಚಿನದಾದರೆ ಹಳೆಯ ಕಾಯ್ದೆಯ ಹೆಸರಲ್ಲೇ ಅರ್ಜಿ ಹೋಗುತ್ತದೆ. ಲೆಕ್ಕ ಹಾಕುವ ರೀತಿ ಹೆಚ್ಚು ಕಡಿಮೆ ಒಂದೇ, ಹಾಗಾಗಿ ಗಾಬರಿ ಬೇಡ.

ಹಂತ 1: ಆಸ್ಪತ್ರೆಯಲ್ಲಿ ನಿಜವನ್ನೇ ಬರೆಸಿ

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಕೈಸುಟ್ಟುಕೊಳ್ಳುವುದು ಇಲ್ಲೇ.

ಗಾಯಾಳುವನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರ್ ಅಥವಾ ನರ್ಸ್ ಕೇಳುವ ಮೊದಲ ಪ್ರಶ್ನೆ, "ಹೇಗಾಯ್ತು?" ನೋವಿನಲ್ಲಿ ನರಳುತ್ತಿರುವವನು ಉತ್ತರ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಪಕ್ಕದಲ್ಲಿ ನಿಂತ ಮೇಸ್ತ್ರಿಯೋ ಸೂಪರ್‌ವೈಸರೋ ಉತ್ತರ ಕೊಡುತ್ತಾನೆ. "ಮನೆಯಲ್ಲಿ ಮೆಟ್ಟಿಲು ಜಾರಿ ಬಿದ್ದ ಸಾರ್", "ಬೈಕ್ ಸ್ಕಿಡ್ ಆಯ್ತು". ಡಾಕ್ಟರ್ ಅದನ್ನೇ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಎರಡು ವರ್ಷ ಕಳೆದ ಮೇಲೆ ವಿಚಾರಣೆ ನಡೆಯುವಾಗ ವಿಮಾ ಕಂಪನಿಯ ವಕೀಲರು ತೆಗೆದು ತೋರಿಸುವುದು ಆ ಒಂದು ಸಾಲನ್ನು. ಆಗ ನೀವು ಎಷ್ಟೇ ಹೇಳಿದರೂ, "ಅಂದೇ ಯಾಕೆ ಹೇಳಲಿಲ್ಲ?" ಅನ್ನುವ ಪ್ರಶ್ನೆ ಎದುರಿಗೆ ಬರುತ್ತದೆ.

ಆದ್ದರಿಂದ ಮನೆಯವರು ಅಥವಾ ನಂಬಿಕೆಯ ಸಹೋದ್ಯೋಗಿ ಒಬ್ಬರು ಆ ಹೊತ್ತಿನಲ್ಲಿ ಜೊತೆಗಿರಲೇಬೇಕು. ಯಾವ ಜಾಗ, ಯಾವ ಮೆಷಿನ್ ಅಥವಾ ಯಾವ ಕೆಲಸ, ಎಷ್ಟು ಹೊತ್ತಿಗೆ, ಯಾರ ಹತ್ತಿರ ಕೆಲಸ ಇವಿಷ್ಟನ್ನು ಡಾಕ್ಟರಿಗೆ ಬಿಡಿಸಿ ಹೇಳಿ ಬರೆಸಿ. ಎಂಎಲ್‌ಸಿ ಮಾಡಿಸಿ, ಅಂದರೆ ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುವಂತೆ ನೋಂದಣಿ. "ಎಂಎಲ್‌ಸಿ ಮಾಡಿದರೆ ಪೊಲೀಸ್ ತಲೆನೋವು, ಖರ್ಚೆಲ್ಲ ನಾವೇ ನೋಡಿಕೊಳ್ತೀವಿ" ಎಂದು ಯಾರಾದರೂ ಅಂದರೆ ಅಲ್ಲೇ ಎಚ್ಚರವಾಗಿ. ಖರ್ಚು ನೋಡಿಕೊಳ್ಳುವುದು ಹೇಗೂ ಅವರ ಜವಾಬ್ದಾರಿ, ಅದಕ್ಕಾಗಿ ನೀವು ಸುಳ್ಳು ಬರೆಸಬೇಕಾಗಿಲ್ಲ.

ಮೊದಲೇ ತಪ್ಪು ಬರೆದುಬಿಟ್ಟಿದ್ದರೆ? ಗೊತ್ತಾದ ಕೂಡಲೇ ಆಸ್ಪತ್ರೆಗೆ ಲಿಖಿತವಾಗಿ ಕೊಡಿ: ಗಾಯಾಳುವಿಗೆ ಪ್ರಜ್ಞೆ ಇರಲಿಲ್ಲ ಅಥವಾ ಮಾತನಾಡುವ ಸ್ಥಿತಿ ಇರಲಿಲ್ಲ, ಮಾಹಿತಿ ಕೊಟ್ಟವರು ಇಂಥವರು, ನಿಜ ಸಂಗತಿ ಇದು. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಪೊಲೀಸ್ ಠಾಣೆಯಲ್ಲೂ ಒಂದು ಹೇಳಿಕೆ ದಾಖಲಿಸಿ.

ಕೇಸ್ ಶೀಟಿನ ನಕಲು, ಎಕ್ಸ್‌ರೇ, ಸ್ಕ್ಯಾನ್, ಔಷಧಿ ಚೀಟಿ, ಬಿಲ್, ಡಿಸ್ಚಾರ್ಜ್ ಸಮ್ಮರಿ, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಮೂಲ ಪ್ರತಿಗಳು ನಿಮ್ಮ ಹತ್ತಿರವೇ ಇರಲಿ. ಮಾಲೀಕರು ಕೇಳಿದರೆ ಜೆರಾಕ್ಸ್ ಕೊಡಿ.

ಹಂತ 2: ಮಾಲೀಕರಿಗೆ ಲಿಖಿತವಾಗಿ ತಿಳಿಸಿ

ಅವರ ಕಣ್ಣೆದುರೇ ಆದ ಅಪಘಾತವಾದರೂ ಪರವಾಗಿಲ್ಲ, ಬರೆದು ಕೊಡಿ. ಕಾನೂನು ಕೇಳುವುದು ಸಾಧ್ಯವಾದಷ್ಟು ಬೇಗ ನೋಟಿಸ್ ಕೊಡಬೇಕು ಎಂದು. ದೊಡ್ಡ ಭಾಷೆ ಬೇಕಿಲ್ಲ. ಹೆಸರು, ವಿಳಾಸ, ಅಪಘಾತದ ದಿನಾಂಕ, ಕಾರಣ ಇಷ್ಟಿದ್ದರೆ ಸಾಕು. ಹೀಗೆ ಬರೆಯಬಹುದು:

"ನಾನು ನಿಮ್ಮ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಇಂಥ ದಿನಾಂಕ, ಮಧ್ಯಾಹ್ನ ಇಂಥ ಹೊತ್ತಿಗೆ, ಇಂಥ ಮೆಷಿನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಬಲಗೈ ಹೆಬ್ಬೆರಳು ಸಿಕ್ಕಿ ತುಂಡಾಗಿದೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಚಿಕಿತ್ಸೆಯ ವೆಚ್ಚ ಮತ್ತು ಕಾನೂನಿನ ಪ್ರಕಾರ ಬರಬೇಕಾದ ಪರಿಹಾರ ಕೊಡಬೇಕೆಂದು ಕೋರುತ್ತೇನೆ."

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ ವಾಟ್ಸಾಪ್‌ನಲ್ಲೂ ಅದರ ಫೋಟೋ ಕಳಿಸಿ. ನೀಲಿ ಟಿಕ್ ಬಂದ ಸ್ಕ್ರೀನ್‌ಶಾಟ್ ಕೂಡ ಒಂದು ದಾಖಲೆ. ನೋಟಿಸ್ ಕೊಡುವುದು ತಡವಾಯಿತು ಅಂತ ಹಕ್ಕು ತಾನಾಗಿ ಬಿದ್ದುಹೋಗುವುದಿಲ್ಲ. ಮಾಲೀಕರಿಗೆ ಅಪಘಾತದ ವಿಷಯ ಬೇರೆ ರೀತಿಯಲ್ಲಿ ಗೊತ್ತಿತ್ತು ಎಂದು ತೋರಿಸಿದರೂ ನಡೆಯುತ್ತದೆ. ಆದರೂ ಆ ತಂಟೆ ಯಾಕೆ, ಅಲ್ವಾ?

ನೋಟಿಸ್ ಮುಟ್ಟಿದ 3 ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರಿಂದ ನಿಮ್ಮನ್ನು ಪರೀಕ್ಷೆ ಮಾಡಿಸಲು ಮುಂದಾದರೆ ಒಪ್ಪಿಕೊಳ್ಳಿ. ಕಾರಣವಿಲ್ಲದೆ ಬೇಡ ಅಂದರೆ ಅಷ್ಟು ದಿನ ನಿಮ್ಮ ಹಕ್ಕು ತಡೆಹಿಡಿದಂತಾಗುತ್ತದೆ.

ಹಂತ 3: ನಿಮ್ಮದು ಇಎಸ್‌ಐ ದಾರಿಯೋ, ಪರಿಹಾರ ಅರ್ಜಿಯ ದಾರಿಯೋ?

ಎರಡೂ ದಾರಿ ಒಟ್ಟಿಗೆ ಸಿಗುವುದಿಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅಲ್ಲಿಂದಲೇ ಪಡೆಯಬೇಕು, ಅದೇ ಗಾಯಕ್ಕೆ ಮಾಲೀಕರ ಮೇಲೆ ಪರಿಹಾರದ ಅರ್ಜಿ ಹಾಕಲು ಬರುವುದಿಲ್ಲ.

ತಿಳಿಯುವುದು ಸುಲಭ. ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಶೇ 0.75 ಕಡಿತ ಇದೆಯಾ ನೋಡಿ. 18,000 ಸಂಬಳವಾದರೆ 135 ರೂಪಾಯಿ. ಮಾಲೀಕರು ತಮ್ಮ ಕಡೆಯಿಂದ ಸಂಬಳದ ಶೇ 3.25 ಸೇರಿಸಿ ಕಟ್ಟಬೇಕು. ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಅಂಗವಿಕಲ ನೌಕರರಿಗೆ ಈ ಮಿತಿ 25,000.

ಇಎಸ್‌ಐ ಇದ್ದವರಿಗೆ ಏನೇನು ಸಿಗುತ್ತದೆ? ಇಎಸ್‌ಐ ಆಸ್ಪತ್ರೆಯಲ್ಲಿ, ಅಗತ್ಯವಿದ್ದರೆ ಅವರು ಕಳಿಸುವ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 90. ಅಂದರೆ ದಿನಕ್ಕೆ 600 ದುಡಿಯುತ್ತಿದ್ದರೆ 540 ರೂಪಾಯಿ, ಡಾಕ್ಟರ್ ಸರ್ಟಿಫಿಕೇಟ್ ಕೊಡುವಷ್ಟು ಕಾಲವೂ. ಶಾಶ್ವತ ಊನವಾದರೆ ಮೆಡಿಕಲ್ ಬೋರ್ಡ್ ನಿಗದಿ ಮಾಡಿದ ಶೇಕಡಾವಾರು ಪ್ರಕಾರ ಜೀವನಪೂರ್ತಿ ಹಣ. ಸಾವಾದರೆ ಅವಲಂಬಿತರಿಗೆ ತಿಂಗಳು ತಿಂಗಳು ಪಿಂಚಣಿ. ಕಾಯಿಲೆ ರಜೆಯ ಹಣಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ನಿಯಮವಿದೆ, ಕೆಲಸದಲ್ಲಿ ಆದ ಗಾಯಕ್ಕೆ ಅದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ.

ಇಲ್ಲಿ ನೀವು ಮಾಡಬೇಕಾದ ಮುಖ್ಯ ಕೆಲಸ, ಮಾಲೀಕರು ಅಪಘಾತ ವರದಿಯನ್ನು ಇಎಸ್‌ಐ ಶಾಖಾ ಕಚೇರಿಗೆ ಕಳಿಸಿದ್ದಾರಾ ಎಂದು ಖಚಿತ ಮಾಡಿಕೊಳ್ಳುವುದು. ಅದು ಹೋಗದಿದ್ದರೆ ನಿಮ್ಮದು ಕೆಲಸದ ಗಾಯ ಎನ್ನುವುದಕ್ಕೆ ಬದಲು ಸಾಮಾನ್ಯ ಕಾಯಿಲೆ ಎಂದು ದಾಖಲಾಗಿ, ಸಿಗುವ ಹಣ ಕಡಿಮೆಯಾಗುತ್ತದೆ. ಅವರು ಕಳಿಸದಿದ್ದರೆ ನೀವೇ ಶಾಖಾ ಕಚೇರಿಗೆ ಹೋಗಿ ಮ್ಯಾನೇಜರಿಗೆ ಬರೆದು ಕೊಡಿ. ಕೆಲಸದ ಗಾಯಕ್ಕೆ ಹಣ ಪಡೆಯುತ್ತಿರುವ ಅವಧಿಯಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಇದೂ ಗೊತ್ತಿರಲಿ.

ಇಎಸ್‌ಐ ಇಲ್ಲದವರು ಪರಿಹಾರ ಅರ್ಜಿಯ ದಾರಿಗೆ ಬರುತ್ತಾರೆ. ಕಟ್ಟಡ ಕೆಲಸದವರು, ಲಾರಿ ಡ್ರೈವರ್ ಕ್ಲೀನರ್‌ಗಳು, ಹಮಾಲರು, ಸಣ್ಣ ವರ್ಕ್‌ಶಾಪಿನವರು, ಸಂಬಳ ಮಿತಿ ಮೀರಿದವರು. ದಿನಗೂಲಿಯವರಿಗೂ ಇದೆ. "ನೀನು ಪರ್ಮನೆಂಟ್ ಅಲ್ಲ" ಅನ್ನುವುದು ಕಾರಣವೇ ಅಲ್ಲ. ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುವವರು ಕಂಟ್ರಾಕ್ಟರನ್ನು ಮಾತ್ರ ಹಿಡಿದುಕೊಳ್ಳಬೇಕಾಗಿಲ್ಲ. ತನ್ನ ವ್ಯವಹಾರದ ಕೆಲಸವನ್ನು ಕಂಟ್ರಾಕ್ಟರಿಗೆ ವಹಿಸಿದ ಮೂಲ ಕಂಪನಿಯೂ ಹೊಣೆ. ಕಂಟ್ರಾಕ್ಟರ್ ಊರು ಬಿಟ್ಟು ಹೋದಾಗ ಕೈಹಿಡಿಯುವುದು ಇದೇ ನಿಯಮ. ಆದ್ದರಿಂದ ಇಬ್ಬರನ್ನೂ ಅರ್ಜಿಯಲ್ಲಿ ಸೇರಿಸಿ.

ರಸ್ತೆಯಲ್ಲಿ ಬೇರೆ ವಾಹನ ಗುದ್ದಿ ಆದ ಗಾಯವಾದರೆ ಮೋಟಾರು ವಾಹನ ಕಾಯ್ದೆಯಡಿಯೂ ಕೇಳಬಹುದು, ಆದರೆ ಎರಡರಲ್ಲಿ ಒಂದು ಮಾತ್ರ. ಯಾವುದರಲ್ಲಿ ಹೆಚ್ಚು ಸಿಗುತ್ತದೆ ಎಂದು ವಕೀಲರ ಹತ್ತಿರ ಲೆಕ್ಕ ಹಾಕಿಸಿಯೇ ಮುಂದೆ ಹೋಗಿ.

ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದರೆ? ಇದು ಬಹಳ ಕಾಲ ಜಗ್ಗಾಟದ ವಿಷಯವಾಗಿತ್ತು. ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟವರು, ಕಾರ್ಖಾನೆಗೆ ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. 2003ರ ಘಟನೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಕುಟುಂಬದ ಪರ ತೀರ್ಪು ಕೊಟ್ಟಿತು. ಅಪಘಾತದ ಸಮಯ, ಜಾಗ, ಸಂದರ್ಭಕ್ಕೂ ಕೆಲಸಕ್ಕೂ ನಂಟು ಇದ್ದರೆ ದಾರಿಯಲ್ಲಿ ಆದದ್ದೂ ಕೆಲಸದ ಅಪಘಾತವೇ. ಹೊಸ ಸಂಹಿತೆಯಲ್ಲೂ ಇದು ಸ್ಪಷ್ಟವಾಗಿ ಸೇರಿದೆ. ಪಾಳಿಯ ವೇಳಾಪಟ್ಟಿ, ನೀವು ಹೋಗುವ ಮಾಮೂಲಿ ದಾರಿ ಇವನ್ನು ತೋರಿಸಿದರೆ ಕೇಸು ಗಟ್ಟಿಯಾಗುತ್ತದೆ.

ಹಂತ 4: ಎಷ್ಟು ಬರಬೇಕು, ನೀವೇ ಲೆಕ್ಕ ಹಾಕಿ

ರಾಜಿಗೆ ಕೂರುವ ಮುಂಚೆ ಈ ಲೆಕ್ಕ ಕೈಯಲ್ಲಿರಲಿ. ಬೇಕಾದದ್ದು ಮೂರು: ತಿಂಗಳ ಸಂಬಳ, ವಯಸ್ಸು, ದುಡಿಯುವ ಶಕ್ತಿ ಎಷ್ಟು ಶೇಕಡಾ ಹೋಯಿತು ಅನ್ನುವುದು.

ವಯಸ್ಸಿಗೆ ತಕ್ಕ ಒಂದು ಗುಣಕ ಕಾನೂನಿನ ಪಟ್ಟಿಯಲ್ಲೇ ಇದೆ. 20 ವರ್ಷಕ್ಕೆ 224.00, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ಚಿಕ್ಕ ವಯಸ್ಸಾದಷ್ಟೂ ಗುಣಕ ಹೆಚ್ಚು, ಯಾಕೆಂದರೆ ಮುಂದೆ ದುಡಿಯಬೇಕಿದ್ದ ವರ್ಷಗಳು ಹೆಚ್ಚು.

ಸಾವಾದರೆ ಸಂಬಳದ ಶೇ 50ನ್ನು ಗುಣಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಸಂಬಳದ ಶೇ 60. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಒಂದು ಮಿತಿ ಇದೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು 8,000ದಿಂದ 15,000ಕ್ಕೆ ಏರಿಸಿತು. ನಿಮ್ಮ ಸಂಬಳ ಅದಕ್ಕಿಂತ ಹೆಚ್ಚಿದ್ದರೂ ಲೆಕ್ಕ ಆ ಮಿತಿಯಲ್ಲೇ ನಿಲ್ಲುತ್ತದೆ. ಅಪಘಾತದ ದಿನ ಜಾರಿಯಲ್ಲಿದ್ದ ಮಿತಿ ಯಾವುದು ಎಂದು ಅರ್ಜಿ ಹಾಕುವಾಗ ಕೇಳಿಕೊಳ್ಳಿ.

ಈಗ 30 ವರ್ಷದ, 15,000 ಸಂಬಳದ ಒಬ್ಬರನ್ನು ತೆಗೆದುಕೊಳ್ಳೋಣ. ತೀರಿಕೊಂಡರೆ 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಪೂರ್ಣ ಅಂಗವೈಕಲ್ಯವಾದರೆ 9,000 ಗುಣಿಸು 207.98, ಅಂದರೆ 18,71,820. ಹೆಬ್ಬೆರಳು ಪೂರ್ತಿ ಹೋದರೆ ಕಾನೂನಿನ ಗಾಯಗಳ ಪಟ್ಟಿಯ ಪ್ರಕಾರ ಶೇ 30 ನಷ್ಟ, ಹಾಗಾಗಿ 18,71,820ರಲ್ಲಿ ಶೇ 30, ಅಂದರೆ 5,61,546 ರೂಪಾಯಿ. ಇಪ್ಪತ್ತೋ ಮೂವತ್ತೋ ಸಾವಿರಕ್ಕೆ ಸಹಿ ಹಾಕಿಸಿಕೊಳ್ಳುವುದು ಎಂಥ ಅನ್ಯಾಯ ಅನ್ನುವುದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ.

ಪಟ್ಟಿಯಲ್ಲಿ ಇನ್ನೂ ಹಲವು ಇವೆ. ತೋರುಬೆರಳು ಪೂರ್ತಿ ಹೋದರೆ ಶೇ 14. ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ಶೇ 40. ಒಂದು ಕೈಯ ನಾಲ್ಕೂ ಬೆರಳು ಹೋದರೆ ಶೇ 50. ಎರಡೂ ಕೈ ಹೋದರೆ ಶೇ 100.

ಪಟ್ಟಿಯಲ್ಲಿ ಇಲ್ಲದ ಗಾಯಗಳಿಗೆ, ಅಂದರೆ ಬೆನ್ನುಮೂಳೆಯ ಪೆಟ್ಟು, ಕೂಡದ ಮೂಳೆ, ಬಾಗದ ಮಂಡಿ ಇಂಥವಕ್ಕೆ ಡಾಕ್ಟರ್ ಶೇಕಡಾವಾರು ಹೇಳಬೇಕು. ಇಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ. ಕಾಲು ಎಷ್ಟು ಊನವಾಗಿದೆ ಅನ್ನುವುದು ಒಂದು. ಅದರಿಂದ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಇನ್ನೊಂದು. ಪರಿಹಾರಕ್ಕೆ ಬೇಕಾದದ್ದು ಎರಡನೆಯದು. ಮಂಡಿ ಬಾಗದ ಗುಮಾಸ್ತ ಕುರ್ಚಿಯಲ್ಲಿ ಕೂತು ಕೆಲಸ ಮಾಡಬಹುದು, ಅದೇ ಮಂಡಿಯ ಗಾರೆ ಕೆಲಸದವರು ಸಾರುವೆ ಹತ್ತಲಾರರು.

ಇದಕ್ಕೆ ಆಧಾರವಾಗಿ ಇವತ್ತಿಗೂ ಬಳಸುವ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪಿದೆ. ಸಿನಿಮಾ ಥಿಯೇಟರ್ ಒಂದರಲ್ಲಿ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಬಿದ್ದು ಎಡಗೈ ಕಳೆದುಕೊಂಡರು. ಒಂದೇ ಕೈ ಹೋದದ್ದು, ಭಾಗಶಃ ಊನ ಎಂದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯ ಎಂದು ನ್ಯಾಯಾಲಯ ಹೇಳಿತು. ಹಾಗಾಗಿ ಡಾಕ್ಟರ್ ಹತ್ತಿರ ಹೋದಾಗ ನೀವು ಮಾಡುತ್ತಿದ್ದ ಕೆಲಸವನ್ನು ವಿವರವಾಗಿ ಹೇಳಿ. ಎಷ್ಟು ಭಾರ ಎತ್ತುತ್ತಿದ್ದಿರಿ, ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ, ಎತ್ತರ ಹತ್ತಬೇಕಿತ್ತಾ, ಇದೆಲ್ಲ ಸರ್ಟಿಫಿಕೇಟಿನಲ್ಲಿ ಬರಲಿ. ಮುಂದೆ ಆ ಡಾಕ್ಟರ್ ಬಂದು ಸಾಕ್ಷಿ ಹೇಳಬೇಕಾಗಬಹುದು, ಆದ್ದರಿಂದ ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಪಡೆಯುವುದು ಒಳ್ಳೆಯದು.

ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಲಾಗದವರಿಗೆ ಪ್ರತಿ ಅರ್ಧ ತಿಂಗಳಿಗೆ ಸಂಬಳದ ಶೇ 25 ಬರಬೇಕು. 15,000 ಸಂಬಳಕ್ಕೆ ಹದಿನೈದು ದಿನಕ್ಕೊಮ್ಮೆ 3,750. ಹೀಗೆ ಗರಿಷ್ಠ 5 ವರ್ಷ. ಅಸಾಮರ್ಥ್ಯ 28 ದಿನಕ್ಕಿಂತ ಕಡಿಮೆ ಇದ್ದರೆ ಮೊದಲ 3 ದಿನ ಲೆಕ್ಕಕ್ಕಿಲ್ಲ. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಇದೆಲ್ಲಕ್ಕೂ ಹೊರತಾಗಿ, ಪೂರ್ತಿ ಮಾಲೀಕರದು. ಅದನ್ನು ಪರಿಹಾರದ ಮೊತ್ತದಲ್ಲಿ ಕಳೆಯುವಂತಿಲ್ಲ.

ಅಪಘಾತವಷ್ಟೇ ಅಲ್ಲ, ಕೆಲವು ಕಾಯಿಲೆಗಳೂ ಇದರಲ್ಲಿ ಬರುತ್ತವೆ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಸೀಸದ ವಿಷ, ಮೆಷಿನ್ ಸದ್ದಿನಿಂದ ಕಿವಿ ಮಂದವಾಗುವುದು ಹೀಗೆ. ಇವಕ್ಕೆ ಎಷ್ಟು ಕಾಲ ಆ ಕೆಲಸ ಮಾಡಿದ್ದೀರಿ ಅನ್ನುವ ದಾಖಲೆ ಬೇಕು.

ಹಂತ 5: ಕೆಲಸ ಮತ್ತು ಸಂಬಳಕ್ಕೆ ಪುರಾವೆ ಕೂಡಿಸಿ

ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ, ಸಂಬಳ ಕೈಗೇ ಕೊಡುತ್ತಾರೆ. ಬಹಳ ಜನರ ಪಾಡು ಇದೇ. ಧೈರ್ಯಗೆಡಬೇಡಿ. ಗೇಟ್ ಪಾಸ್, ಗುರುತಿನ ಚೀಟಿ, ಹಾಜರಿಯ ಫೋಟೋ, ಮೇಸ್ತ್ರಿ ಕಳಿಸಿದ ವಾಟ್ಸಾಪ್ ಮೆಸೇಜು, ಯುಪಿಐನಲ್ಲಿ ಬಂದ ಬಟವಾಡೆ, ಕಂಪನಿ ಹೆಸರಿನ ಸಮವಸ್ತ್ರದಲ್ಲಿ ತೆಗೆಸಿದ ಫೋಟೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಜೊತೆಯಲ್ಲಿ ಕೆಲಸ ಮಾಡುವವರ ಸಾಕ್ಷಿ ಎಲ್ಲಕ್ಕಿಂತ ಬಲ. ಆದರೆ ಅವರೂ ಅದೇ ಮಾಲೀಕರ ಹತ್ತಿರ ದುಡಿಯಬೇಕು, ಕಾಲ ಕಳೆದಂತೆ ಹಿಂಜರಿಯುತ್ತಾರೆ. ಅವರ ಹೆಸರು, ಊರು, ಫೋನ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಸಂಬಳಕ್ಕೆ ಏನೂ ಪುರಾವೆ ಇಲ್ಲದಿದ್ದರೆ ನಿಮ್ಮ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನದ ಆಧಾರದ ಮೇಲಾದರೂ ಕೇಳಬಹುದು.

ವಯಸ್ಸಿನ ದಾಖಲೆಯನ್ನೂ ನೋಡಿಕೊಳ್ಳಿ. ಆಧಾರ್‌ನಲ್ಲಿ ಒಂದು, ಶಾಲೆಯ ಟಿಸಿಯಲ್ಲಿ ಇನ್ನೊಂದು ಇದ್ದರೆ ಗುಣಕವೇ ಬದಲಾಗುತ್ತದೆ.

ಹಂತ 6: ಮಾಲೀಕರ ವಿಮೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಹಳ ಮಾಲೀಕರು ನೌಕರರ ಪರಿಹಾರ ಪಾಲಿಸಿ ಮಾಡಿಸಿರುತ್ತಾರೆ. ಕಾನೂನು ಮಾಲೀಕರ ಮೇಲೆ ಹಾಕುವ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. ಕಾರ್ಮಿಕರಿಗೂ ಇದು ದೊಡ್ಡ ಅನುಕೂಲವೇ. ಸಣ್ಣ ವರ್ಕ್‌ಶಾಪಿನವರ ಹತ್ತಿರ ಒಮ್ಮೆಗೇ 15 ಲಕ್ಷ ಇರುವುದಿಲ್ಲ, ಕಂಪನಿಯ ಹತ್ತಿರ ಇರುತ್ತದೆ. ಮಾಲೀಕರು ದಿವಾಳಿಯಾದರೂ ಪಾಲಿಸಿಯ ಹಕ್ಕು ಕಾರ್ಮಿಕರ ಕಡೆಗೆ ಬರುತ್ತದೆ.

ಆದರೆ "ಇನ್ಶೂರೆನ್ಸ್ ದುಡ್ಡು ಬಂದ ಮೇಲೆ ಕೊಡ್ತೀನಿ" ಅನ್ನುವ ಮಾತನ್ನು ಒಪ್ಪಬೇಡಿ. ಹೊಣೆ ಮೊದಲು ಮಾಲೀಕರದು. ವಿಮೆ ಅವರ ಮತ್ತು ಕಂಪನಿಯ ನಡುವಿನ ವ್ಯವಹಾರ. ವಿಮೆ ಮಾಡಿಸದೇ ಇದ್ದರೂ ಅವರು ಕೊಡಲೇಬೇಕು.

ಪಾಲಿಸಿಯ ನಕಲು ಕೇಳಿ ಪಡೆಯಿರಿ. ಅಪಘಾತದ ದಿನ ಅದು ಚಾಲ್ತಿಯಲ್ಲಿತ್ತಾ? ಎಷ್ಟು ಜನ, ಯಾವ ಕೆಲಸದವರು, ಎಷ್ಟು ಸಂಬಳ ಎಂದು ತೋರಿಸಿದ್ದಾರೆ? ಪ್ರೀಮಿಯಂ ಉಳಿಸಲು 20 ಜನರಿರುವ ಕಡೆ 8 ಜನ ಎಂದು ತೋರಿಸುವುದು, ಕಂಟ್ರಾಕ್ಟ್ ಕಾರ್ಮಿಕರನ್ನು ಬಿಡುವುದು ನಡೆಯುತ್ತದೆ. ಆಸ್ಪತ್ರೆ ಖರ್ಚು ಮತ್ತು ಕೆಲಸದಿಂದ ಬರುವ ಕಾಯಿಲೆಗಳಿಗೆ ಎಷ್ಟೋ ಪಾಲಿಸಿಗಳಲ್ಲಿ ಬೇರೆ ಪ್ರೀಮಿಯಂ ಕಟ್ಟಿರಬೇಕು. ಹಣ ತಡಮಾಡಿದ್ದಕ್ಕೆ ಬೀಳುವ ದಂಡವನ್ನು ವಿಮಾ ಕಂಪನಿ ಕೊಡುವುದಿಲ್ಲ, ಅದು ಮಾಲೀಕರ ಜೇಬಿನಿಂದಲೇ ಹೋಗಬೇಕು. ಇಂಥ ಕಾರಣಗಳಿಗಾಗಿ ಅರ್ಜಿಯಲ್ಲಿ ಮಾಲೀಕರು ಮತ್ತು ವಿಮಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರು ಜಾರಿಕೊಂಡರೆ ಇನ್ನೊಬ್ಬರು ಸಿಗುತ್ತಾರೆ.

ಹಂತ 7: ರಾಜಿಗೆ ಕರೆದರೆ

ಖಾಲಿ ಹಾಳೆ, ಖಾಲಿ ಛಾಪಾ ಕಾಗದ, ಓದಲು ಬಾರದ ಭಾಷೆಯ ಕಾಗದ, ಯಾವುದಕ್ಕೂ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ರಾಜಿ ತಪ್ಪಲ್ಲ. ಸರಿಯಾದ ಮೊತ್ತ ಕೊಡುವುದಾದರೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಅದೇ ಒಳ್ಳೆಯದು. ಆದರೆ ಆ ಒಪ್ಪಂದ ಪರಿಹಾರದ ಅರ್ಜಿ ವಿಚಾರಿಸುವ ಅಧಿಕಾರಿಯ (ಅವರು ಯಾರು ಎಂದು ಹಂತ 8ರಲ್ಲಿದೆ) ಮುಂದೆ ನೋಂದಣಿ ಆಗಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ ಅಥವಾ ಒತ್ತಾಯದಿಂದ ಆಗಿದೆ ಅನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. "ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ" ಎಂದು ಬರೆಸಿಕೊಂಡಿದ್ದರೂ, ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಡಿಸುವ ಅಂಥ ಕರಾರಿಗೆ ಬೆಲೆ ಇಲ್ಲ. ಈಗಾಗಲೇ ಸಹಿ ಹಾಕಿಬಿಟ್ಟೆ ಎಂದು ಕೊರಗುತ್ತಿರುವವರು ಇದನ್ನು ಗಮನಿಸಿ.

ಸಾವಿನ ಪ್ರಕರಣದಲ್ಲಿ ಹಣವನ್ನು ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮನೆಗೆ ಬಂದು ಯಾರದೋ ಕೈಗೆ ಕೊಟ್ಟ ಹಣ ಪರಿಹಾರ ಅನ್ನಿಸಿಕೊಳ್ಳುವುದಿಲ್ಲ. ತುರ್ತು ಖರ್ಚಿಗೆಂದು ಅವಲಂಬಿತರಿಗೆ ಮೂರು ತಿಂಗಳ ಸಂಬಳದಷ್ಟು ಮುಂಗಡ ಕೊಡಲು ಮಾತ್ರ ಅವಕಾಶ. ಮಾವನೋ ಮೈದುನನೋ ಹಣ ತೆಗೆದುಕೊಂಡು ಹೆಂಡತಿ ಮಕ್ಕಳಿಗೆ ಕಾಸೂ ಸಿಗದಂತಾಗುವುದನ್ನು ತಡೆಯಲೆಂದೇ ಈ ನಿಯಮ. ಹಾಗೆಯೇ, ನೀವು ಮುಂಚೆ ತೆಗೆದುಕೊಂಡ ಅಡ್ವಾನ್ಸ್ ಸಾಲವನ್ನು ಪರಿಹಾರದಲ್ಲಿ ಮುರಿದುಕೊಳ್ಳಲು ಮಾಲೀಕರಿಗೆ ಬರುವುದಿಲ್ಲ, ಸಾಲಗಾರರು ಅದನ್ನು ಜಪ್ತಿ ಮಾಡಿಸಲೂ ಬರುವುದಿಲ್ಲ.

ಹಂತ 8: ಅರ್ಜಿ ಹಾಕುವುದು

ಅಪಘಾತವಾದ ದಿನದಿಂದ ಅಥವಾ ಸಾವಾದ ದಿನದಿಂದ 2 ವರ್ಷದೊಳಗೆ ಅರ್ಜಿ ಬೀಳಬೇಕು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಎಲ್ಲಿ ಹಾಕುವುದು? ಅಪಘಾತ ನಡೆದ ಜಾಗ, ನೀವು ವಾಸವಿರುವ ಜಾಗ, ಮಾಲೀಕರ ನೋಂದಾಯಿತ ಕಚೇರಿ ಇರುವ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ. ಬೆಂಗಳೂರಿನಲ್ಲಿ ಪೆಟ್ಟಾಗಿ ಕೊಪ್ಪಳದ ಊರಿಗೆ ಮರಳಿದವರು ತಮ್ಮ ಜಿಲ್ಲೆಯಲ್ಲೇ ಹಾಕಬಹುದು. ಕರ್ನಾಟಕದಲ್ಲಿ ಹಳೆಯ ಕಾಯ್ದೆಯ ಪರಿಹಾರ ಆಯುಕ್ತರ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ನಡೆಸಿಕೊಂಡು ಬಂದಿದ್ದಾರೆ. ಹೊಸ ಸಂಹಿತೆಯಲ್ಲಿ ಆಯುಕ್ತರ ಬದಲು ಸಕ್ಷಮ ಪ್ರಾಧಿಕಾರ ಎಂಬ ಹೆಸರಿದೆ. ನಿಮ್ಮ ತಾಲ್ಲೂಕಿಗೆ ಯಾರು ಎಂದು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಉಚಿತ ವಕೀಲರನ್ನು ಪಡೆಯಬಹುದು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದರ ಕಚೇರಿ ಇರುತ್ತದೆ, ಸಹಾಯವಾಣಿ 15100. ಬರುವ ಪರಿಹಾರದಲ್ಲಿ ಇಷ್ಟು ಪಾಲು ಕೊಡಬೇಕು ಎಂದು ಮುಂಚೆಯೇ ಬರೆಸಿಕೊಳ್ಳಲು ಬರುವವರಿಂದ ದೂರ ಇರಿ. ಆಸ್ಪತ್ರೆ ವಾರ್ಡಿಗೇ ಬಂದು ಕೇಸು ಕೇಳುವ ಮಧ್ಯವರ್ತಿಗಳು ಈ ಪೈಕಿಯವರು.

ಅರ್ಜಿಯಲ್ಲಿ ಬಡ್ಡಿಯನ್ನೂ ದಂಡವನ್ನೂ ಕೇಳುವುದನ್ನು ಮರೆಯಬೇಡಿ. ಪರಿಹಾರ ಕೊಡಬೇಕಾದ ದಿನ ಶುರುವಾಗುವುದು ಅಪಘಾತವಾದ ದಿನದಿಂದಲೇ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಸರಳ ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಜೊತೆಗೆ ಪರಿಹಾರದ ಮೊತ್ತದ ಶೇ 50ರವರೆಗೆ ದಂಡ. 5,61,546 ರೂಪಾಯಿಗೆ ಒಂದು ವರ್ಷದ ಬಡ್ಡಿಯೇ 67,000 ದಾಟುತ್ತದೆ.

ಹಂತ 9: ಆದೇಶ ಬಂದ ಮೇಲೆ

ಆದೇಶವಾದರೂ ಮಾಲೀಕರು ಹಣ ಕಟ್ಟದಿದ್ದರೆ ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಲು ಅರ್ಜಿ ಕೊಡಬಹುದು. ಅವರು ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕಾದರೆ ಮೊದಲು ಪೂರ್ತಿ ಮೊತ್ತವನ್ನು ಠೇವಣಿ ಇಡಬೇಕು, ಅದೂ ಕಾನೂನಿನ ಮುಖ್ಯ ಪ್ರಶ್ನೆ ಇದ್ದರೆ ಮಾತ್ರ. ನಿಮಗೆ ಕಡಿಮೆ ಬಂದಿದೆ ಅನಿಸಿದರೆ ನೀವೂ 60 ದಿನದೊಳಗೆ ಮೇಲ್ಮನವಿ ಹಾಕಬಹುದು.

ಹಣ ಪಡೆಯಲು ನಿಮ್ಮ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆ ಕೊಡಿ, ಬೇರೆಯವರ ಖಾತೆ ಬೇಡ. ಸಾವಿನ ಪ್ರಕರಣದಲ್ಲಿ ಹೆಂಡತಿ, ಮಕ್ಕಳು, ತಂದೆ ತಾಯಿಗೆ ಯಾರಿಗೆಷ್ಟು ಎಂದು ಅಧಿಕಾರಿಯೇ ಹಂಚುತ್ತಾರೆ. ಚಿಕ್ಕ ಮಕ್ಕಳ ಪಾಲನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತಾರೆ. ಶಾಲೆಯ ಖರ್ಚಿಗೆ ಅದರ ಬಡ್ಡಿ ತಿಂಗಳು ತಿಂಗಳು ತಾಯಿಯ ಖಾತೆಗೆ ಬರುವಂತೆ ಮಾಡಿಕೊಡಿ ಎಂದು ಅಂದೇ ಒಂದು ಅರ್ಜಿ ಬರೆದು ಕೊಡಿ.